ಅಜ್ಜಿಯನ್ನು ಮುಳುಗಿಸಿದ ಬಗ್ಗೆ

ನಾನು, ಹೊಳೆಬೀದಿಯವರ ಬಾಯಲ್ಲಿ ಹುಟ್ಟಕ್ಕ, ವಯಸ್ಸು ನಲವತ್ತೊಂಬತ್ತು, ಕಸುಬು ಸಾರ್ವಜನಿಕ ದೋಣಿ ಸಂಘದಲ್ಲಿ ದೋಣಿ ಮತ್ತು ಹುಟ್ಟುಗಳ ರಿಪೇರಿ, ವಾಸ ಹೊಳೆಬೀದಿಯ ಕೊನೆಯಿಂದ ಎರಡನೇ ಮನೆ, ದರ್ಜಿ ಅಂಗಡಿಯ ಎದುರು, ಈ ದಿನ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ಬರೆಯಲು ಕೂತ ಠಾಣೆಯ ರೈಟರ್ ಅವರು ಮೊದಲಿಗೆ ಹುಟ್ಟು ಯಾವಾಗ ಎಂದು ಕೇಳಿದರು. ಬೆಳಿಗ್ಗೆ ಆರಕ್ಕೆ ಹೊಳೆಗೆ ಇಳಿಸುತ್ತೇವೆ ಎಂದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ತಾವು ಕೇಳಿದ್ದು ದೋಣಿ ನಡೆಸುವ ಹುಟ್ಟಿನ ಬಗ್ಗೆ ಅಲ್ಲ, ನಾನು ಹುಟ್ಟಿದ ದಿನದ ಬಗ್ಗೆ ಎಂದರು. ಈ ದಿನ ನಡೆದದ್ದೆಲ್ಲ ಇದೇ ಜಾತಿಯ ತೊಡಕು ಆಗಿರುವುದರಿಂದ ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಸಬೇಕು, ಇಲ್ಲದಿದ್ದರೆ ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರೂ ಹೇಳಿದ್ದರಿಂದ ಹಾಗೆಯೇ ಹೇಳುತ್ತಿದ್ದೇನೆ.

ಊರಿನವರಿಗೆ ದೋಣಿ ನಡೆಸಲು ಕಲಿಸುವ ನಮ್ಮ ಸಂಘದಲ್ಲಿ ಏಳು ದೋಣಿಗಳಿವೆ. ಆರು ಫೈಬರಿನವು. ಏಳನೆಯದು ಮರದ್ದು, ಮನೆಯ ಹೆಂಚಿನ ಹಾಗೆ ಹಲಗೆಯ ಮೇಲೆ ಹಲಗೆ ಹೊಂದಿಸಿ ತಾಮ್ರದ ಮೊಳೆ ಹೊಡೆದು ಕಟ್ಟಿದ್ದು. ಸಂಘಕ್ಕಿಂತ ಹಳೆಯದು. ಅದನ್ನು ದೋಣಿಮನೆಯಲ್ಲಿ ಎಲ್ಲರೂ ಅಜ್ಜಿ ಎಂದು ಕರೆಯುತ್ತಾರೆ. ಅಜ್ಜಿ ಬಂದಳು, ಅಜ್ಜಿ ಹೋದಳು, ಅಜ್ಜಿಗೆ ಬಲಗಡೆ ವಾಲುವ ಚಾಳಿ ಎಂದೇ ನಮ್ಮ ಮಾತು.

ನಮ್ಮ ಮನೆಯಲ್ಲಿಯೂ ಒಬ್ಬ ಅಜ್ಜಿ ಇದ್ದಾರೆ. ಅವರು ನನ್ನ ಗಂಡನ ತಾಯಿ, ವಯಸ್ಸು ಎಪ್ಪತ್ತಾರು. ಅವರನ್ನು ನಾನು ಅತ್ತೆ ಎನ್ನುತ್ತೇನೆ, ಬೀದಿಯವರು ಅಜ್ಜಿ ಎನ್ನುತ್ತಾರೆ. ಮೂರು ತಿಂಗಳ ಹಿಂದೆ ತಮ್ಮ ತಂಗಿಯ ಮನೆಯಿಂದ ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಒಂದು ಕೊಡೆ ಸಮೇತ ನಮ್ಮಲ್ಲಿಗೆ ಬಂದರು. ಬಂದ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದರು, ನಾಳೆ ಹೊರಡುವ ನೆಂಟರ ಹಾಗೆ. ಪೆಟ್ಟಿಗೆಯನ್ನು ಮಂಚದ ಕೆಳಗೆ ಇಡಿ ಎಂದರೆ, ಇರಲಿ ಎನ್ನುತ್ತಿದ್ದರು. ನಮ್ಮಿಬ್ಬರ ನಡುವೆ ಈ ಮೂರು ತಿಂಗಳಲ್ಲಿ ಒಂದು ಜಗಳವೂ ಆಗಿಲ್ಲ. ಜಗಳವಾಡುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ. ಹೆಂಗಸು ದೋಣಿ ಬಡಿಯುವ ಕೆಲಸ ಅವರಿಗೆ ಹಿಡಿಸಿದಂತೆ ಕಾಣದ್ದರಿಂದ ನಾನು ಮನೆಯಲ್ಲಿ ದೋಣಿಯ ಮಾತು ಎತ್ತುತ್ತಿರಲಿಲ್ಲ. ಹೀಗಾಗಿ ದೋಣಿಮನೆಯಲ್ಲಿ ಇನ್ನೊಬ್ಬ ಅಜ್ಜಿ ಇರುವ ವಿಷಯ ಅವರಿಗೆ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ದೋಣಿಮನೆಯ ಮಾಡು ರಿಪೇರಿಗೆ ಬಂದು, ಮರದ ದೋಣಿಯನ್ನು ಹೊರಗೆ ತಗಡಿನ ಚಪ್ಪರದ ಕೆಳಗೆ ಇಡಬೇಕಾಯಿತು. ಅದು ಅಲ್ಲಿ ಒಣಗಿ ಹೋಯಿತು. ಒಣಗಿದರೆ ಹಲಗೆ ಕುಗ್ಗುತ್ತದೆ, ಸಂದು ಬಿಡುತ್ತದೆ. ಒಳಗೆ ಕೂತು ನೋಡಿದರೆ ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಒಣಗಿರುವಾಗಲೇ ಅವಸರಪಟ್ಟು ಸಂದಿಗೆ ಏನಾದರೂ ತುರುಕಿದರೆ, ಮುಂದೆ ಮರ ಉಬ್ಬುವಾಗ ಜಾಗ ಸಾಲದೆ ಮೊಳೆಯನ್ನೇ ಕಿತ್ತುಕೊಳ್ಳುತ್ತದೆ. ಅದಕ್ಕೆ ಮದ್ದು ಒಂದೇ. ಆಳವಿಲ್ಲದ ನೀರಿನಲ್ಲಿ ದೋಣಿಯನ್ನು ಮುಳುಗಿಸಿ, ತೇಲದ ಹಾಗೆ ಒಳಗೆ ಭಾರ ಹೇರಿ, ಎರಡು ಮೂರು ದಿನ ಸುಮ್ಮನೆ ಬಿಡಬೇಕು. ಮರ ನೀರು ಕುಡಿದು ತನ್ನ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಉಳಿದ ಸಂದಿಗಷ್ಟೇ ನಮ್ಮ ಕೈ.

ಈ ದಿನ ಬೆಳಿಗ್ಗೆ ಆರೂವರೆಗೆ ಸಂಘದ ಕಾರ್ಯದರ್ಶಿಯವರು ನನ್ನ ಮೊಬೈಲಿಗೆ ಫೋನ್ ಮಾಡಿದರು. ಅವರು ಹಲ್ಲಿನ ಡಾಕ್ಟರು. ಒಳ್ಳೆಯವರು, ಆದರೆ ಅಲ್ಲಾಡುವುದನ್ನು ಕಿತ್ತು ಹಾಕುವುದೇ ಅವರ ಕಸುಬು. ಎರಡು ಹೊಸ ಫೈಬರ್ ದೋಣಿ ಬರಲಿವೆ, ಜಾಗವಿಲ್ಲ, ಹಳೆಯದನ್ನು ತೆಗೆದುಬಿಡೋಣ ಎಂದು ಅವರು ಹೇಳಿದರು. ಎದುರಿನವರ ಮಾತು ಒಪ್ಪಿಗೆಯಾಗದಿದ್ದಾಗ ಅದನ್ನೇ ತಿರುಗಿ ಹೇಳುವ ಅಭ್ಯಾಸ ನನಗಿದೆ. ಅಡುಗೆಮನೆಯಲ್ಲಿ ನಿಂತು ನಾನು ಆಡಿದ ಮಾತು ಇಷ್ಟು:

"ಏನಂದ್ರಿ? ಅಜ್ಜಿನ ಇಟ್ಕೊಂಡು ಏನು ಪ್ರಯೋಜನ ಅಂತೀರಾ? ಜಾಗ ಬೇರೆ ಹಿಡೀತಾಳೆ ಅಂತೀರಾ? ಹೂಂ, ವಯಸ್ಸಾಗಿದೆ, ನಾನೇನು ಇಲ್ಲ ಅಂದ್ನಾ? ಇವತ್ತು ಹೊಳೇಲಿ ಮುಳುಗಿಸಿಬಿಡ್ತೀನಿ. ಆಮೇಲೂ ದಾರಿಗೆ ಬರದಿದ್ರೆ ಸೌದೆಗೆ ಹಾಕೋಣ ಬಿಡಿ."

ಇಷ್ಟರಲ್ಲಿ ಫೋನಿನಲ್ಲಿ ಮಾತು ಕತ್ತರಿಸಿ ಬರತೊಡಗಿದ್ದರಿಂದ ನಾನು ಹಿತ್ತಿಲಿಗೆ ಹೋಗಿ ಉಳಿದ ಮಾತು ಮುಗಿಸಿದೆ. ಹಿತ್ತಿಲಿನಲ್ಲಿ ಆಡಿದ್ದನ್ನು ಮುಂದೆ ಹೇಳುತ್ತೇನೆ. ಅತ್ತೆಯವರು ಆ ಹೊತ್ತು ನಡುಮನೆಯಲ್ಲಿ ಚಾಪೆ ಸುತ್ತುತ್ತಿದ್ದರು. ಅಡುಗೆಮನೆಗೂ ನಡುಮನೆಗೂ ನಡುವೆ ಒಂದು ಪರದೆ ಮಾತ್ರ ಇದೆ.

ಏಳು ಗಂಟೆಗೆ ನಾನು ಹೊರಟಾಗ ಅತ್ತೆಯವರು ಎಂದೂ ಕೇಳದ ಒಂದು ಮಾತು ಕೇಳಿದರು.

"ಹೊಳೆ ಈಗ ಎಷ್ಟು ಆಳ ಇದೆ?"

ಅವರು ನನ್ನ ಕೆಲಸದ ಬಗ್ಗೆ ಮೊದಲ ಸಲ ವಿಚಾರಿಸಿದ್ದರಿಂದ ನನಗೆ ಸಂತೋಷವಾಯಿತು. "ಮೆಟ್ಟಿಲ ಹತ್ರ ಸೊಂಟದಷ್ಟು ಅತ್ತೆ. ಅಷ್ಟು ಸಾಕು," ಎಂದೆ.

"ಸಾಕಾ," ಎಂದರು ಅವರು. ನಾನು ನಕ್ಕು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ದೋಣಿಮನೆ ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್. ಬೆಳಗಿನ ತಂಡದ ನಾಲ್ವರು ಹುಟ್ಟು ಹಾಕಿ ಮುಗಿಸಿ ಬರುವ ತನಕ ಕಾದು, ಅವರ ಕೈಯಿಂದ ದೋಣಿ ಹಿಡಿಸಿ, ಮೆಟ್ಟಿಲ ಪಕ್ಕದ ತಗ್ಗಿನಲ್ಲಿ ಇಳಿಸಿ ನೀರು ತುಂಬಿಸಿದೆ. ಹಲಗೆಗೆ ಗಾಯವಾಗಬಾರದೆಂದು ಕಲ್ಲುಗಳನ್ನು ಗೋಣಿಯಲ್ಲಿ ಕಟ್ಟಿ ಹೇರಿದೆ. ಮೇಲಿನ ಅಂಚು ನೀರಿಗೆ ನಾಲ್ಕು ಬೆರಳು ಮೇಲೆ ಉಳಿಯಿತು. ಅದು ಬಿಸಿಲಿಗೆ ಒಣಗದಂತೆ ಒಂದು ಹಳೆಯ ಸೀರೆಯನ್ನು ಒದ್ದೆ ಮಾಡಿ ಹೊದಿಸಿದೆ. ಆ ಸೀರೆ ಅತ್ತೆಯವರದು. ಹಸಿರು ಅಂಚಿನದು. ಹೋದ ವಾರ ಅವರೇ ನನ್ನ ಕೈಗೆ ಹಾಕಿ, ಒರೆಸೋಕೆ ಗಿರೆಸೋಕೆ ಆಗುತ್ತೆ ನೋಡು ಎಂದಿದ್ದರು.

ಹತ್ತೂವರೆಗೆ ಕಾರ್ಯದರ್ಶಿಯವರಿಗೆ ಕೆಲಸ ಆಯಿತೆಂದು ತಿಳಿಸಲು ದೋಣಿಮನೆಯ ಗೇಟಿನಲ್ಲಿ ನಿಂತು ಫೋನ್ ಮಾಡಿದೆ. ಅವರ ಕಡೆ ಹಲ್ಲು ಕೊರೆಯುವ ಯಂತ್ರ ಕಿರುಗುಟ್ಟುತ್ತಿದ್ದುದರಿಂದ ಕೂಗಿ ಮಾತಾಡಬೇಕಾಯಿತು.

"ಅಜ್ಜಿನ ಮುಳುಗಿಸಿದ್ದಾಯ್ತು ಡಾಕ್ಟ್ರೇ! ಹೂಂ, ನಾಲ್ಕು ಜನ ಹಿಡ್ಕೊಂಡ್ರು. ಮೊದಲು ಕಿರ್ರೋ ಅಂದ್ಲು, ಮೇಲೆ ಮೇಲೆ ಬರ್ತಿದ್ಲು. ಕಲ್ಲು ಹೇರಿದ ಮೇಲೆ ಗುಳುಗುಳು ಅಂತ ತಣ್ಣಗೆ ಕೂತ್ಕೊಂಡ್ಲು. ಸೀರೆ ಹೊದಿಸಿದೀನಿ, ಯಾರಿಗೂ ಕಾಣಲ್ಲ. ನಾಡಿದ್ದು ಎತ್ತೋಣ."

ಯಾರಿಗೂ ಕಾಣಲ್ಲ ಎಂದು ಹೇಳಿದ್ದು, ದಡದಲ್ಲಿ ಆಡುವ ಮಕ್ಕಳು ದೋಣಿ ಕಂಡರೆ ಹತ್ತಿ ಕುಣಿಯುತ್ತಾರೆ ಎಂಬ ಕಾರಣಕ್ಕೆ.

ಆ ಹೊತ್ತಿಗೆ ನಮ್ಮ ಎದುರುಮನೆಯ ದರ್ಜಿಯವರು ದೋಣಿಗಳ ಹೊದಿಕೆ ಹೊಲಿದು ತಂದು ಗೇಟಿನ ಆಚೆ ಸೈಕಲ್ ನಿಲ್ಲಿಸುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅವರಿಗೆ ದೋಣಿಗಳು ನಂಬರಿನಿಂದ ಮಾತ್ರ ಗೊತ್ತು. ಅಜ್ಜಿ ಅವರ ಲೆಕ್ಕದಲ್ಲಿ ಏಳನೇ ನಂಬರಿನ ಹೊದಿಕೆ. ಅವರು ಹೊದಿಕೆಯನ್ನು ಗೇಟಿನ ಬಳಿ ಬಿಟ್ಟು ಸೈಕಲ್ ತಿರುಗಿಸಿದರು. ನಮ್ಮ ಮನೆಗೆ ಹೋಗಿ ನೋಡಿದರು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಜ್ಜೀ, ಅಜ್ಜೀ ಎಂದು ಕೂಗಿದರು. ಉತ್ತರ ಬರಲಿಲ್ಲ. ಠಾಣೆಗೆ ಫೋನ್ ಮಾಡಿದರು. ಈ ವಿಷಯದಲ್ಲಿ ದರ್ಜಿಯವರ ತಪ್ಪು ಎಳ್ಳಷ್ಟೂ ಇಲ್ಲವೆಂದು ನಾನು ಇಲ್ಲಿಯೇ ಹೇಳುತ್ತೇನೆ. ಆ ಮಾತು ನನ್ನ ಕಿವಿಗೆ ಬಿದ್ದಿದ್ದರೂ ನಾನು ಫೋನ್ ಮಾಡುತ್ತಿದ್ದೆ.

ಹನ್ನೊಂದೂವರೆ ಸುಮಾರಿಗೆ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಇಬ್ಬರು ಪೇದೆಗಳ ಜೊತೆ ಬಂದರು. ನಾನು ಆಗ ಹುಟ್ಟಿನ ಕುತ್ತಿಗೆಗೆ ಚರ್ಮದ ಪಟ್ಟಿ ಸುತ್ತುತ್ತಿದ್ದೆ. ಹುಟ್ಟು ಕಬ್ಬಿಣದ ಕವೆಯಲ್ಲಿ ಉಜ್ಜುವ ಜಾಗ ಅದು, ಪಟ್ಟಿ ಸವೆದರೆ ಮರ ಸವೆಯುತ್ತದೆ. ಕೈ ಬಿಟ್ಟರೆ ಬಿಚ್ಚಿಹೋಗುವುದರಿಂದ ಕೂತಲ್ಲಿಂದಲೇ ನಮಸ್ಕಾರ ಹೇಳಿದೆ. ದೋಣಿ ಕಲಿಯಲು ಬಂದಿದ್ದಾರೆ ಎಂದುಕೊಂಡೆ.

"ಅಜ್ಜಿ ಎಲ್ಲಮ್ಮಾ?" ಎಂದು ಸಾಹೇಬರು ಕೇಳಿದರು.

"ಹೊಳೇಲಿದಾಳೆ ಸಾರ್."

"ಯಾರು ಹಾಕಿದ್ದು?"

"ನಾನೇ ಸಾರ್. ಒಬ್ಬಳ ಕೈಲಿ ಎಲ್ಲಿ ಆಗುತ್ತೆ, ನಾಲ್ಕು ಜನರನ್ನ ಕರ್ಕೊಂಡೆ."

ಪೇದೆಯೊಬ್ಬರು ನನ್ನ ಕೈಯಲ್ಲಿದ್ದ ಚರ್ಮ ಕತ್ತರಿಸುವ ಕತ್ತಿಯನ್ನು ಮೆಲ್ಲಗೆ ತೆಗೆದುಕೊಂಡರು. ನೋಡುವ ಆಸೆ ಇರಬೇಕೆಂದು ಕೊಟ್ಟೆ.

"ಯಾಕೆ ಹಾಕಿದೆ?"

"ಒಣಗಿ ಬಿರುಕು ಬಿಟ್ಟಿದ್ಲು ಸಾರ್. ಅಂಥಾ ಬಿಸಿಲಲ್ಲಿ ಹೊರಗೆ ಬಿಸಾಕಿದ್ರೆ ಇನ್ನೇನಾಗುತ್ತೆ?"

"ಹಾಕೋವಾಗ ಜೀವ ಇತ್ತಾ?"

"ಏನು ಸಾರ್ ಹಾಗಂತೀರಿ? ಗಟ್ಟಿ ಮುಟ್ಟಾಗಿದಾಳೆ. ಎರಡು ದಿನ ನೀರಲ್ಲಿ ಬಿಟ್ರೆ ಇನ್ನೂ ಇಪ್ಪತ್ತು ವರ್ಷ ಬಾಳ್ತಾಳೆ."

ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರ ಹಿಂದೆ ದರ್ಜಿಯವರು ಕುತ್ತಿಗೆಯ ಅಳತೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಾ ನಿಂತಿದ್ದರು. ಅವರು ಯಾಕೆ ಅಳುತ್ತಿದ್ದಾರೆಂದು ನಾನು ಕೇಳಿದೆ. ತೋರಿಸು ನಡಿ ಎಂದು ಸಾಹೇಬರು ಹೇಳಿದರು.

ಮೆಟ್ಟಿಲ ಬಳಿ ನೀರಿನಲ್ಲಿ ಹಸಿರು ಅಂಚಿನ ಸೀರೆ ಅಲೆಯ ಜೊತೆ ಏಳುತ್ತಾ ಬೀಳುತ್ತಾ ಇತ್ತು. ದರ್ಜಿಯವರು, ಅದು ಅಜ್ಜಿದೇ ಸೀರೆ, ಅದರ ಅಂಚು ನಾನೇ ಹೊಲಿದುಕೊಟ್ಟಿದ್ದು ಎಂದು ಕೂಗಿ ಮೆಟ್ಟಿಲ ಮೇಲೆ ಕುಸಿದು ಕೂತರು. ಪೇದೆಯವರು ಕಣ್ಣು ಮುಚ್ಚಿಕೊಂಡು ಸೀರೆ ಎಳೆದರು. ಕೆಳಗೆ ದೋಣಿಯ ಅಂಚು ಕಂಡಿತು. ಗೋಣಿಯ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ದಡಕ್ಕೆ ಹಾಕಿದರು. ಭಾರ ಹೋದದ್ದರಿಂದ ದೋಣಿ ತಾನಾಗಿಯೇ ಎದ್ದು ಬಂತು. ಅದನ್ನು ಅರ್ಧ ಮೆಟ್ಟಿಲ ಮೇಲೆ ಎಳೆದು ಕೆಳಗೆಲ್ಲ ಕೋಲು ಹಾಕಿ ನೋಡಿದರು.

"ಇದು ಅಜ್ಜಿನಾ?" ಎಂದು ಸಾಹೇಬರು ಕೇಳಿದರು.

"ಇದೇ ಸಾರ್. ಮತ್ತೆ ಯಾರು ಅಂದ್ಕೊಂಡ್ರಿ?"

ಅವರು ಯಾರು ಅಂದುಕೊಂಡಿದ್ದರೆಂದು ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಪೇದೆಗಳೂ ನಕ್ಕರು. ನಗದೆ ಇದ್ದವರು ದರ್ಜಿ ಒಬ್ಬರೇ. ಅವರು ಮೂಗು ಒರೆಸಿಕೊಂಡು ಕೇಳಿದರು:

"ಅದೆಲ್ಲಾ ಸರಿ ಅಕ್ಕಾ. ಹಾಗಾದ್ರೆ ನಮ್ಮ ಅಜ್ಜಿ ಎಲ್ಲಿ? ಮನೇಲಿ ಇಲ್ವಲ್ಲ."

ಮನೆಯಲ್ಲಿಯೇ ಇದ್ದಾರೆ, ಎಲ್ಲಿಗೆ ಹೋಗುತ್ತಾರೆ ಎಂದೆ. ಹೊರಗಿನಿಂದ ಚಿಲಕ ಹಾಕಿದೆ ಎಂದು ಅವರು ಹೇಳಿದರು. ಆಗ ನನ್ನ ನಗು ಅಲ್ಲೇ ನಿಂತಿತು. ಅಡುಗೆಮನೆಯಲ್ಲಿ ನಿಂತು ನಾನು ಆಡಿದ ಮಾತು ಒಂದೊಂದಾಗಿ ನನ್ನ ಕಿವಿಗೇ ಕೇಳಿಸತೊಡಗಿತು. ಇಟ್ಕೊಂಡು ಏನು ಪ್ರಯೋಜನ. ಜಾಗ ಬೇರೆ ಹಿಡೀತಾಳೆ. ಹೊಳೇಲಿ ಮುಳುಗಿಸಿಬಿಡ್ತೀನಿ. ಆಮೇಲೆ ಅವರು ಹೊಳೆಯ ಆಳ ಕೇಳಿದ್ದು. ಅಷ್ಟು ಸಾಕು ಎಂದು ನಾನು ಹೇಳಿದ್ದು.

ನಾನು ನೀರಿಗೆ ಇಳಿದೆ. ಯಾರಿಗೂ ಹೇಳಿ ಇಳಿಯಲಿಲ್ಲ. ಎದೆಮಟ್ಟದ ತನಕ ಹೋಗಿ ಕಾಲಿನಿಂದ ತಳ ತಡವಿದೆ. ಆ ಹೊಳೆಯ ತಳದಲ್ಲಿ ಎಲ್ಲಿ ಕೆಸರು, ಎಲ್ಲಿ ಮರಳು ಎಂದು ಇಪ್ಪತ್ತು ವರ್ಷದಿಂದ ನನಗೆ ಗೊತ್ತು. ಆದರೂ ಕಾಲಿಗೆ ಸಿಕ್ಕಿದ ಪ್ರತಿ ಬೇರು, ಪ್ರತಿ ಗೋಣಿಚೂರು ಬೇರೆ ಏನೋ ಎನಿಸುತ್ತಿತ್ತು. ಹಿಂದೆ ಯಾರೋ ಧುಮುಕಿದ ಸದ್ದಾಯಿತು. ತಿರುಗಿ ನೋಡಿದರೆ ದರ್ಜಿಯವರು. ಈಜು ಬಾರದ ಮನುಷ್ಯ, ಕುತ್ತಿಗೆಯ ಟೇಪು ನೀರ ಮೇಲೆ ತೇಲುತ್ತಿತ್ತು. ಅವರನ್ನು ನಾನೇ ಮುಳುಗಿ ಕಾಲರ್ ಹಿಡಿದು ಮೆಟ್ಟಿಲಿಗೆ ತರಬೇಕಾಯಿತು.

ಸಾಹೇಬರು, ನಾವು ದಡದುದ್ದಕ್ಕೂ ಕೆಳಗಿನ ಸೇತುವೆಯ ತನಕ ಹುಡುಕಿಸುತ್ತೇವೆ, ನೀವು ಮನೆ ಮತ್ತು ಬಸ್ ನಿಲ್ದಾಣ ನೋಡಿ ಎಂದರು. ನಾನೂ ದರ್ಜಿಯವರೂ ಒದ್ದೆ ಬಟ್ಟೆಯಲ್ಲಿಯೇ ಓಡಿದೆವು. ಮನೆಯಲ್ಲಿ ಅತ್ತೆಯವರ ಲೋಟ ತೊಳೆದು ಬೋರಲು ಹಾಕಿತ್ತು. ಚಾಪೆ ಬಾಗಿಲ ಹಿಂದೆ ಇರಲಿಲ್ಲ. ಪೆಟ್ಟಿಗೆಯ ಮೇಲಿಟ್ಟು ದಾರದಿಂದ ಕಟ್ಟಿ, ಯಾರಾದರೂ ಎತ್ತಿಕೊಂಡು ಹೋಗಲು ಸುಲಭವಾಗುವಂತೆ ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದರು. ಕೊಡೆ ಇರಲಿಲ್ಲ. ಬಟ್ಟೆ ಚೀಲ ಇರಲಿಲ್ಲ. ಬಿ.ಪಿ. ಮಾತ್ರೆ ಇಡುವ ಡಬ್ಬಿ ಖಾಲಿಯಿತ್ತು.

ದರ್ಜಿಯವರು ಡಬ್ಬಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿ, "ಅಕ್ಕಾ, ಮಾತ್ರೆ ತಗೊಂಡು ಹೋಗಿದಾರೆ ಅಂದ್ರೆ ಬದುಕೋ ಯೋಚನೆ ಇದೆ ಅಂತ ಅರ್ಥ," ಎಂದರು. ಈ ದಿನ ನನಗೆ ಸಿಕ್ಕ ಮೊದಲ ಧೈರ್ಯ ಅದು.

ಬಸ್ ನಿಲ್ದಾಣದಲ್ಲಿ ಯಾರೂ ನೋಡಿರಲಿಲ್ಲ. ಅತ್ತೆಯವರ ತಂಗಿಗೆ ಫೋನ್ ಮಾಡಿದರೆ, ಬಂದಿಲ್ಲವಲ್ಲ, ಏನಾಯ್ತು ಎಂದು ಅವರೇ ಅಳತೊಡಗಿದರು. ಗಂಡನಿಗೆ ಮಾಡಿದೆ. ಅವರು ದೂರದ ಊರಿನ ಬಸ್ಸಿನ ಡ್ರೈವರ್. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ನಮ್ಮಮ್ಮ ಹೇಳದೆ ಕೇಳದೆ ಹೊಸ್ತಿಲು ದಾಟೋಳಲ್ಲ ಕಣೇ. ಯಾರಿಗಾದ್ರೂ ಹೇಳೇ ಹೋಗಿರ್ತಾಳೆ. ಯಾರಿಗೆ ಅಂತ ಹುಡುಕು," ಎಂದರು.

ಬೀದಿಯಲ್ಲಿ ಮನೆ ಮನೆಗೂ ಕೇಳಿದೆವು. ಯಾರಿಗೂ ಹೇಳಿರಲಿಲ್ಲ. ಸಾಹೇಬರು ಫೋನಿನಲ್ಲಿ, ಹೊಳೆಯಲ್ಲಿ ಏನೂ ಸಿಕ್ಕಿಲ್ಲ, ಒಂದು ಫೋಟೋ ತೆಗೆದುಕೊಂಡು ಠಾಣೆಗೆ ಹೋಗಿ ಕಾಣೆಯಾದ ದೂರು ಕೊಡಿ, ನಾನೂ ಬರುತ್ತೇನೆ ಎಂದರು. ನಾನು ಫೋನಿನಲ್ಲಿ ಫೋಟೋ ಹುಡುಕಿದೆ. ದೋಣಿಯ ಸಂದುಗಳ ಫೋಟೋ ನೂರಾರು ಇದ್ದವು, ಎಡದಿಂದ, ಬಲದಿಂದ, ಹತ್ತಿರದಿಂದ. ಅತ್ತೆಯವರದು ಒಂದೂ ಇರಲಿಲ್ಲ.

ಮಧ್ಯಾಹ್ನ ಎರಡೂ ಕಾಲಿಗೆ ನಾನೂ ದರ್ಜಿಯವರೂ ಠಾಣೆಯ ಮೆಟ್ಟಿಲು ಹತ್ತಿದೆವು. ಒಳಗೆ ಬಾಗಿಲ ಎಡಗಡೆಯ ಬೆಂಚಿನ ಮೇಲೆ ಅತ್ತೆಯವರು ಕೂತಿದ್ದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕೊಡೆ ತೊಡೆಯ ಮೇಲಿತ್ತು. ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ಕೈ ತೋರಿಸಿ, ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಡೋಕೆ ಏನು ಕಷ್ಟ ನಿಮಗೆ ಎಂದು ರೈಟರ್ ಅವರನ್ನು ಗದರುತ್ತಿದ್ದರು.

ಅವರು ಬೆಳಿಗ್ಗೆ ಒಂಬತ್ತಕ್ಕೇ ಅಲ್ಲಿಗೆ ಬಂದಿದ್ದರು. ರೈಟರ್ ಅವರು ಹೇಳಿದ್ದನ್ನು ಇದ್ದಂತೆ ಬರೆಸುತ್ತಿದ್ದೇನೆ, ಇದು ಠಾಣೆಯ ಮೇಲೆ ದೂರು ಎಂದು ದಯವಿಟ್ಟು ತಿಳಿಯಬಾರದು. ಅಜ್ಜಿ ತಮ್ಮ ಕೆಲಸವನ್ನು ದೊಡ್ಡ ಸಾಹೇಬರಿಗೇ ಹೇಳುತ್ತೇನೆ, ಹೆಸರೂ ಅವರಿಗೇ ಹೇಳುತ್ತೇನೆ ಎಂದು ಹಟ ಹಿಡಿದಿದ್ದರಂತೆ. ಸಾಹೇಬರು ಮೊದಲು ಮೀಟಿಂಗಿನಲ್ಲಿದ್ದರು, ಅಲ್ಲಿಂದಲೇ ಹೊಳೆಗೆ ಹೋದರು. ರೈಟರ್ ಅವರು ಬೆಂಚಿನ ಅಜ್ಜಿಗೆ, ಸ್ವಲ್ಪ ಕೂತಿರಿ, ಯಾರೋ ಸೊಸೆ ಅತ್ತೆಯನ್ನು ಹೊಳೆಗೆ ಹಾಕಿದ್ದಾಳಂತೆ, ಅದನ್ನು ನೋಡಿಕೊಂಡು ಬರುತ್ತಾರೆ ಎಂದು ಸಮಾಧಾನ ಹೇಳಿದರು. ಅದಕ್ಕೆ ನಮ್ಮ ಅತ್ತೆಯವರು ಎರಡೂ ಕೈ ಗಲ್ಲಕ್ಕೆ ಇಟ್ಟುಕೊಂಡು ಹೇಳಿದ್ದು:

"ಅಯ್ಯೋ ಪಾಪ, ಯಾರ ಮನೆ ಮುದುಕಿನೋ! ನಿಧಾನಕ್ಕೆ ಬರ್ಲಿ ಬಿಡಪ್ಪ, ನನ್ನದೇನೂ ಅವಸರ ಇಲ್ಲ."

ನನ್ನನ್ನು ಕಂಡು ಅವರು ಮೊದಲು ಮುಖ ನೋಡಲಿಲ್ಲ, ಸೀರೆ ನೋಡಿದರು. "ಒದ್ದೆ ಸೀರೇಲಿ ಊರೆಲ್ಲಾ ತಿರುಗಿದೀಯಾ? ಬುದ್ಧಿ ಗಿದ್ಧಿ ಇದೆಯಾ? ಬಾ ಇಲ್ಲಿ," ಎಂದು ತಮ್ಮ ಸೆರಗಿನಿಂದ ನನ್ನ ತಲೆ ಒರೆಸಿದರು. ದರ್ಜಿಯವರು ಗೋಡೆಯ ಕಡೆ ತಿರುಗಿ ನಿಂತರು.

ಯಾಕೆ ಬಂದಿರಿ ಅತ್ತೆ ಎಂದು ಕೊನೆಗೆ ಕೇಳಿದೆ. ನನ್ನ ಮೇಲೆ ದೂರು ಕೊಡಲು ಬಂದಿದ್ದಾರೆ ಎಂದೇ ನಾನು ತಿಳಿದಿದ್ದೆ, ಕೊಡಲಿ, ಬದುಕಿದ್ದಾರಲ್ಲ ಎಂದುಕೊಂಡಿದ್ದೆ. ಅವರು ಚೀಲದಿಂದ ಬಸ್ಸಿನ ಚಿಲ್ಲರೆ, ಮಾತ್ರೆ, ಕನ್ನಡಕ ಹೊರಗಿಟ್ಟು, ಬರೆಸಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ ಹೇಳಿದರು. ತಾವು ತಮ್ಮ ಇಷ್ಟದಿಂದಲೇ ತಂಗಿಯ ಮನೆಗೆ ಹೊರಟಿದ್ದಾಗಿಯೂ, ವಯಸ್ಸಾದ ದೇಹ, ದಾರಿಯಲ್ಲಿ ಏನಾದರೂ ಆದರೆ ಸೊಸೆಯ ಮೇಲೆ ಯಾರೂ ಬೆರಳು ತೋರಿಸಬಾರದೆಂದೂ ಠಾಣೆಯಲ್ಲಿ ಬರೆಸಿ ಹೋಗಲು ಬಂದಿದ್ದರು.

"ಮುದುಕಿ ಮನೆ ಬಿಟ್ಟು ಹೋದ್ರೆ ನಾಲ್ಕು ಜನ ಸೊಸೆ ಮೇಲೇ ತಾನೇ ಹೇಳೋದು? ನೀನು ಮುಳುಗಿಸ್ತೀನಿ ಅಂದಿದ್ದು ಬೇಜಾರಿಗೆ. ಬಾಯಿಗೆ ಬಂತು, ಅಂದೆ. ನಿನ್ನ ಕೈ ಅಂಥದ್ದಲ್ಲ, ನಂಗೊತ್ತಿಲ್ವಾ? ಅದಕ್ಕೇ ಬರೆಸೋಣ ಅಂತ ಬಂದೆ."

ನಾನು ಬೆಂಚಿನ ಮೇಲೆ ಅವರ ಪಕ್ಕ ಕೂತು ದೋಣಿಯ ವಿಷಯ ಹೇಳಿದೆ. ಅವರು ನಂಬಲಿಲ್ಲ. ಮನುಷ್ಯರು ದೋಣಿಗೆ ಅಜ್ಜಿ ಎನ್ನುತ್ತಾರೆಯೇ ಎಂದು ಕೇಳಿದರು. ಫೋನಿನಲ್ಲಿದ್ದ ಸಂದಿನ ಫೋಟೋಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ನೋಡಿ, ಆಮೇಲೆ ವಕೀಲರ ಹಾಗೆ ಒಂದೊಂದೇ ಕೇಳತೊಡಗಿದರು.

"ಜಾಗ ಹಿಡೀತಾಳೆ ಅಂದಿದ್ದು?"

"ದೋಣಿಗೆ ಅತ್ತೆ."

"ಸೌದೆಗೆ ಹಾಕೋಣ ಅಂದಿದ್ದು?"

"ಅದೂ ದೋಣಿಗೇ. ಡಾಕ್ಟ್ರ ಮೇಲಿನ ಕೋಪಕ್ಕೆ ಅಂದಿದ್ದು."

"ಇಟ್ಕೊಂಡು ಏನು ಪ್ರಯೋಜನ ಅಂದಿದ್ದು?"

"ಅದು ಡಾಕ್ಟ್ರು ಕೇಳಿದ್ದು."

"ಅದಕ್ಕೆ ನೀನು ಏನಂದೆ? ಹಿತ್ತಿಲಿಗೆ ಹೋಗಿಬಿಟ್ಯಲ್ಲ, ನಂಗೆ ಕೇಳಿಸಲಿಲ್ಲ."

ಹಿತ್ತಿಲಿನಲ್ಲಿ ಆಡಿದ್ದನ್ನು ಮುಂದೆ ಹೇಳುತ್ತೇನೆ ಎಂದಿದ್ದೆ, ಅದು ಇದು. ನಾನು ಕಾರ್ಯದರ್ಶಿಯವರಿಗೆ, "ಹಳೇದು ಅಂತ ಹೊರಗೆ ಹಾಕೋ ಮನೆ ಇದಲ್ಲ ಡಾಕ್ಟ್ರೇ. ನಾನಿರೋ ತನಕ ಅಜ್ಜಿ ಎಲ್ಲಿಗೂ ಹೋಗಲ್ಲ. ನಿಮ್ಮ ಹೊಸ ದೋಣಿ ಬೇಕಾದ್ರೆ ಹೊರಗೆ ಮಲಗಲಿ," ಎಂದಿದ್ದೆ.

ಇದನ್ನು ಹೇಳಿದ ಮೇಲೆ ಅತ್ತೆಯವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ, "ಅದನ್ನ ಅಡುಗೆಮನೇಲಿ ನಿಂತು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ರೇಗಿದರು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ ಎಂದೆ. ಸಿಗ್ನಲ್ಲಂತೆ ಸಿಗ್ನಲ್ಲು ಎಂದರು. ನೀವಾದರೂ ನನ್ನನ್ನೇ ಬಂದು ಕೇಳಬಹುದಿತ್ತಲ್ಲ, ಮೂರು ತಿಂಗಳಿಂದ ಚಾಪೆ ಸುತ್ತಿ ಬಾಗಿಲ ಹಿಂದೆ ಇಡುತ್ತಾ ಕೂತಿದ್ದೀರಿ, ನಾನು ಏನೆಂದು ತಿಳಿಯಬೇಕು ಎಂದು ನಾನೂ ದನಿ ಎತ್ತಿದೆ. ನೀನು ಬೆಳಿಗ್ಗೆ ಹೋದರೆ ಸಂಜೆ ಬರುತ್ತೀ, ಬಂದರೂ ವಾರ್ನಿಷ್ ವಾಸನೆ, ಮಾತಾಡಲು ಯಾರಿದ್ದಾರೆ ಎಂದು ಅವರು ದನಿ ಎತ್ತಿದರು. ಹೀಗೆ ನಮ್ಮ ಮೊದಲ ಜಗಳ ಠಾಣೆಯ ಬೆಂಚಿನ ಮೇಲೆ ಆಯಿತು. ಅದು ಸುಮಾರು ಕಾಲು ಗಂಟೆ ನಡೆಯಿತು. ಕೆಸರುಗಾಲಿನಲ್ಲಿ ಒಳಗೆ ಬಂದ ಸಾಹೇಬರು ಬಿಡಿಸಲು ಹೊರಟಾಗ ದರ್ಜಿಯವರು ಅವರ ತೋಳು ಹಿಡಿದು, "ಬಿಡಿ ಸಾರ್, ಚೆನ್ನಾಗಿ ನಡೀತಾ ಇದೆ," ಎಂದರು.

ಆದ್ದರಿಂದ ನಾನು ಕೇಳಿಕೊಳ್ಳುವುದು: ನನ್ನ ಅತ್ತೆಯವರು ಸಿಕ್ಕಿರುತ್ತಾರೆ, ಅವರ ಬಗ್ಗೆ ಕೊಡಬೇಕೆಂದಿದ್ದ ದೂರನ್ನು ಕೊಡುತ್ತಿಲ್ಲ. ಅವರೂ ತಾವು ಬರೆಸಬೇಕೆಂದು ಬಂದದ್ದನ್ನು ಬರೆಸುವುದಿಲ್ಲ ಎಂದಿದ್ದಾರೆ. ದರ್ಜಿಯವರ ಮೇಲೆ ಯಾವ ಕ್ರಮವೂ ಬೇಡ. ಅವರ ಟೇಪು ನೀರು ಕುಡಿದು ಅಳತೆ ತಪ್ಪಿರುವುದರಿಂದ ಹೊಸದನ್ನು ನಾನೇ ಕೊಡಿಸುತ್ತೇನೆ. ಇನ್ನು ಮುಖ್ಯ ವಿಷಯ, ಮರದ ದೋಣಿಯನ್ನು ಪರಿಶೀಲನೆಗೆಂದು ಎತ್ತಿ ಮೆಟ್ಟಿಲ ಮೇಲೆ ಇಟ್ಟಿದ್ದು, ಪಕ್ಕದಲ್ಲಿ ಒಬ್ಬ ಪೇದೆಯವರು ಕಾವಲಿದ್ದಾರೆ. ಅದು ಮಧ್ಯಾಹ್ನದಿಂದ ಬಿಸಿಲಿಗೆ ಒಣಗುತ್ತಿದೆ. ಕತ್ತಲಾಗುವ ಮೊದಲು ಅಜ್ಜಿಯನ್ನು ಮತ್ತೆ ಮುಳುಗಿಸಲು ಅನುಮತಿ ಕೊಡಬೇಕು.

ಈ ಕೊನೆಯ ವಾಕ್ಯವನ್ನು ಬರೆಯಲು ರೈಟರ್ ಅವರು ಒಪ್ಪಲಿಲ್ಲ. ಸರ್ಕಾರಿ ಕಾಗದದಲ್ಲಿ ಹೀಗೆ ಬರೆದರೆ ನಾಳೆ ಓದಿದವರು ನಮ್ಮನ್ನೇ ಒಳಗೆ ಹಾಕುತ್ತಾರೆ, ದೋಣಿ ಎಂದು ಬರೆಯೋಣ ಎಂದರು. ಅತ್ತೆಯವರು, "ಅವಳ ಹೆಸರು ಅಜ್ಜಿ ತಾನೇ? ಹೆಸರಿದ್ದ ಹಾಗೆ ಬರಿಯಪ್ಪ. ನಾನೂ ಬರ್ತೀನಿ, ಅವಳನ್ನ ನೋಡಬೇಕು. ಕಲ್ಲು ಬೇಕಾದ್ರೆ ನಾನೂ ಎರಡು ಹಾಕ್ತೀನಿ," ಎಂದರು. ಸಾಹೇಬರು ಹಾಗೆಯೇ ಬರೆಯಲು ಹೇಳಿ ಅನುಮತಿ ಕೊಟ್ಟರು.

ಇಷ್ಟು ನಾನು ಹೇಳಿ ಬರೆಸಿದ್ದು. ಓದಿಸಿ ಕೇಳಿದೆ, ನಾನು ಹೇಳಿದ ಹಾಗೆಯೇ ಇದೆ, ಕೂಡಿಸಿದ್ದೂ ಬಿಟ್ಟದ್ದೂ ಇಲ್ಲ.

ಸ್ಥಳ: ಠಾಣೆಯ ಮುಂದಿನ ಕೋಣೆ, ಬೆಂಚು.
ದಿನ: ಇದೇ ದಿನ, ಸಂಜೆ ನಾಲ್ಕು ಗಂಟೆ, ಬಿಸಿಲು ಇನ್ನೂ ಇದೆ.
ಸಹಿ: ಹುಟ್ಟಕ್ಕ.

ಸಾಕ್ಷಿಯಾಗಿ ಅತ್ತೆಯವರು ಅಜ್ಜಿ ಎಂದು ಸಹಿ ಹಾಕಿದರು. ಎರಡು ಅಜ್ಜಿಯರಿರುವ ಪ್ರಕರಣವಾದ್ದರಿಂದ ಯಾವ ಅಜ್ಜಿ ಎಂದು ಪಕ್ಕದಲ್ಲಿ ನಮೂದಿಸಬೇಕೆಂದು ರೈಟರ್ ಅವರು ಕೇಳಿದರು. ಅತ್ತೆಯವರು ನನ್ನ ಕಡೆ ನೋಡಿದರು. ಅವರು ಪೆನ್ನು ವಾಪಸ್ ಇಸಿದುಕೊಂಡು ತಾವೇ ಬರೆದರು: ಮನೆಯ ಅಜ್ಜಿ.